ಶಾಸ್ತ್ರದಾನ ಮಾಡಿದ ಶ್ರಾವಿಕೆಯರು

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಜಿನಾಗಮವು ದಾನವನ್ನು ನಾಲ್ಕು ಬಗೆಯಾಗಿ ಹೇಳಿದೆ. ಇವುಗಳಲ್ಲಿ ಮೊದಲ ಮೂರರ ಫಲವು ಕಣ್ಣಿಗೆ ಕಾಣುವಂಥದು. ಹಸಿದವನು ಉಂಡು ತೃಪ್ತನಾದುದನ್ನು ದಾನಿಯು ಅಂದೇ ಕಾಣುತ್ತಾನೆ. ರೋಗಿಯು ಗುಣಹೊಂದಿ ಎದ್ದು ಕುಳಿತುದನ್ನು ಕೆಲವು ದಿನಗಳಲ್ಲಿ ಕಾಣುತ್ತಾನೆ. ಶಾಸ್ತ್ರದಾನದ ಫಲವು ಮಾತ್ರ ಕೊಟ್ಟವರ ಕಣ್ಣಿಗೆ ಬೀಳುವುದು ವಿರಳ. ಇಂದು ಬರೆಯಿಸಿ ಕೊಟ್ಟ ಗ್ರಂಥವು ಎಂಟುನೂರು ವರ್ಷಗಳ ಮೇಲೆ ಯಾರ ಕೈಸೇರುವುದೋ ಬಲ್ಲವರಾರು? ಲಾಭವು ಎಂದು ಬರುವುದೆಂದು ತಿಳಿಯದ ಬಾಬಿಗೆ ಬಂಡವಾಳ ಹಾಕಲು ಎಂಥ ವ್ಯಾಪಾರಿಯೂ ಹಿಂದೆಗೆಯುತ್ತಾನೆ. ಕರ್ನಾಟಕದ ಶ್ರಾವಿಕೆಯರು ಹಿಂದೆಗೆಯಲಿಲ್ಲವೆಂಬುದಕ್ಕೆ ಶಾಸನಗಳೂ ಓಲೆಗರಿಗಳೂ ಸಾಕ್ಷಿಯಾಗಿವೆ. ಬಸದಿಗಳನ್ನು ಕಟ್ಟಿಸಿದ ರಾಣಿಯರ, ದಂಡನಾಯಕಿತಿಯರ ಹೆಸರುಗಳನ್ನು ಪ್ರತಿಷ್ಠಾ ಮಹೋತ್ಸವಗಳಲ್ಲಿ ಭಕ್ತಿಯಿಂದ ಸ್ಮರಿಸುವುದು ವಾಡಿಕೆ. ಅವರ ಸಾಲಿನಲ್ಲಿಯೇ, ಕಲ್ಲಿಗಿಂತ ಎಷ್ಟೋ ಪಾಲು ಮೆತ್ತಗಾದ ತಾಳೆಯ ಗರಿಯನ್ನು ನಂಬಿ ಧರ್ಮವನ್ನು ಉಳಿಸಿದ ಕೆಲವು ಮಹಿಳೆಯರ ಚರಿತ್ರೆಯನ್ನು ಅವಲೋಕಿಸುವುದು ಉಚಿತವಾದುದು.

ಇವರಲ್ಲಿ ಅಗ್ರಗಣ್ಯಳು ದಾನಚಿಂತಾಮಣಿ ಅತ್ತಿಮಬ್ಬೆ. ಈಕೆಯ ವಂಶದ ವಿವರವನ್ನು ಕವಿಚಕ್ರವರ್ತಿ ರನ್ನನು ತನ್ನ ಅಜಿತಪುರಾಣದಲ್ಲಿ ಸವಿಸ್ತಾರವಾಗಿ ನಿರೂಪಿಸಿದ್ದಾನೆ. ವೆಂಗಿವಿಷಯದ ಕಮ್ಮೆನಾಡಿನಿಂದ ಬಂದ ನಾಗಮಯ್ಯನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಈ ಸಹೋದರರು ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಮುಂದೆ ಪುನ್ನಮಯ್ಯನು ಕಾವೇರಿಯ ದಡದಲ್ಲಿ ನಡೆದ ಯುದ್ಧದಲ್ಲಿ ಮಡಿದನು. ಮಲ್ಲಪಯ್ಯನ ಹೆಣ್ಣುಮಕ್ಕಳೇ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಚಾಲುಕ್ಯ ಚಕ್ರವರ್ತಿ ಇಮ್ಮಡಿ ತೈಲಪನ ಮಹಾಮಾತ್ಯನಾದ ಧಲ್ಲಪನ ಮಗ ನಾಗದೇವನಿಗೆ ಅಕ್ಕತಂಗಿಯರಿಬ್ಬರನ್ನೂ ಕೊಟ್ಟು ಮದುವೆಮಾಡಿದರು.

ನಾಗದೇವನು ಅಕಾಲದಲ್ಲಿ ತೀರಿಕೊಂಡನು. ಆಗ ಒಂದೇ ಮನೆಯಲ್ಲಿ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಎರಡು ಹಾದಿಯನ್ನು ಹಿಡಿದರು. ತಂಗಿ ಗುಂಡಮಬ್ಬೆಯು ಪತಿಯೊಡನೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆಯು ಬಾಲಕನಾದ ಮಗ ಅಣ್ಣಿಗದೇವನನ್ನು ಮುಂದಿಟ್ಟುಕೊಂಡು ಬದುಕಿ ಉಳಿದಳು. ಅಂದಿನ ಲೋಕವು ಯಾರನ್ನು ಹೆಚ್ಚಾಗಿ ಕೊಂಡಾಡಿತೆಂದು ಊಹಿಸುವುದು ಕಷ್ಟವಲ್ಲ. ಸಹಗಮನಕ್ಕೆ ಮಾಸ್ತಿಕಲ್ಲು ನಿಲ್ಲಿಸುತ್ತಿದ್ದ ಕಾಲವದು. ಆದರೆ ಬೆಂಕಿಗೆ ಬಿದ್ದು ಪ್ರಾಣ ಬಿಡುವುದನ್ನು ಜಿನಧರ್ಮವು ವ್ರತವೆಂದು ಎಲ್ಲಿಯೂ ವಿಧಿಸಿಲ್ಲ. ಗುಂಡಮಬ್ಬೆಯನ್ನು ಹೀನೈಸುವ ಕಾರಣವಿಲ್ಲ. ಆಕೆಯ ದುಃಖವು ಆಕೆಗೇ ಗೊತ್ತು. ಆದರೂ ಅಕ್ಕನೂ ಅದೇ ಚಿತೆಯನ್ನು ಏರಿದ್ದರೆ ಕನ್ನಡ ನಾಡು ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ಎಣಿಸಿ ನೋಡಿದರೆ ಎದೆ ನಡುಗುತ್ತದೆ. ಅತ್ತಿಮಬ್ಬೆಯು ಶೃಂಗಾರವನ್ನು ತೊರೆದು, ಕಠಿಣವಾದ ವ್ರತೋಪವಾಸಗಳಿಂದ ದೇಹವನ್ನು ದಂಡಿಸಿ, ಮಗನನ್ನು ಬೆಳೆಯಿಸಿ ಪದವಿಗೆ ತಂದಳು. ಈತನೇ ಶಾಸನದಲ್ಲಿ ಬರುವ ಪಡೆವಳ ತೈಲನು.

ಆ ಕಾಲದ ಸ್ಥಿತಿಯನ್ನು ತಿಳಿಯದೆ ಈಕೆಯ ಕಾರ್ಯದ ಬೆಲೆಯನ್ನು ಕಟ್ಟಲಾಗದು. ಜೈನ ವಿದ್ಯೆಗೆ ಬಹುಕಾಲ ತೌರುಮನೆಯಾಗಿದ್ದುದು ರಾಷ್ಟ್ರಕೂಟರ ಮಾನ್ಯಖೇಟ. ಧವಲಾ ಟೀಕೆಯನ್ನು ಬರೆದ ವೀರಸೇನಾಚಾರ್ಯರೂ, ಮಹಾಪುರಾಣದ ಜಿನಸೇನ ಗುಣಭದ್ರರೂ ಆ ಅರಸರ ಕಾಲದವರು. 972ರಲ್ಲಿ ಮಾಳವದ ಪರಮಾರ ಸೀಯಕನು ಬಂದು ಮಾನ್ಯಖೇಟವನ್ನು ಕೊಳ್ಳೆಹೊಡೆದನು. ಮರುವರ್ಷವೇ ತೈಲಪನು ರಾಷ್ಟ್ರಕೂಟರ ಪ್ರಭುತ್ವವನ್ನು ಕೊನೆಗಾಣಿಸಿದನು. ಅರಮನೆ ಬಿದ್ದಾಗ ಭಂಡಾರದ ಚಿನ್ನವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ನಾಶವಾಗುವುದಿಲ್ಲ. ಓಲೆಯ ಕಟ್ಟು ಹಾಗಲ್ಲ. ಕೊಳ್ಳೆಗಾರನಿಗೆ ಅದು ಬೇಡ, ಬಿಟ್ಟುಹೋದವನಿಗೆ ಹೊರಲಾಗದು. ಒಂದೆರಡು ಮಳೆಗಾಲ ಸೋರುವ ಮಾಡಿನ ಕೆಳಗೆ ಬಿದ್ದರೆ ಮಣ್ಣಾಗುತ್ತದೆ.

ಇಂಥ ಹೊತ್ತಿನಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳನ್ನಾಗಿ ಬರೆಯಿಸಿ ಶಾಸ್ತ್ರದಾನ ಮಾಡಿದಳು. ಸಾವಿರದೈನೂರು ಜಿನಬಿಂಬಗಳನ್ನು ಚಿನ್ನ ಮತ್ತು ರತ್ನಗಳಿಂದ ಮಾಡಿಸಿ ಹಂಚಿದಳೆಂಬುದೂ ಈ ಮಾತಿನ ಜೊತೆಯಲ್ಲಿಯೇ ಬರುತ್ತದೆ. ಬಿಂಬಗಳ ಸಂಗತಿಯನ್ನು ಕೇಳಿ ಬೆರಗಾಗುವವರು ಸಾವಿರ ಪ್ರತಿಗಳ ಸಂಗತಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಮುದ್ರಣಯಂತ್ರಕ್ಕೆ ಸಾವಿರ ಪ್ರತಿಯೆಂದರೆ ಒಂದು ದಿನದ ಕೆಲಸ. ಹತ್ತನೆಯ ಶತಮಾನದಲ್ಲಿ ಅದು ಎಂಥದೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಶಾಂತಿಪುರಾಣವು ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ಒಬ್ಬ ನುರಿತ ಲಿಪಿಕಾರನು ಒಂದು ಪ್ರತಿಯನ್ನು ಒಂದು ತಿಂಗಳಲ್ಲಿ ಮುಗಿಸುವನೆಂದು ಇಟ್ಟುಕೊಂಡರೂ ಸಾವಿರ ಪ್ರತಿಗೆ ಸಾವಿರ ತಿಂಗಳು, ಅಂದರೆ 83 ವರ್ಷಕ್ಕೂ ಮಿಗಿಲು. ಇಪ್ಪತ್ತು ಮಂದಿ ಲಿಪಿಕಾರರನ್ನು ಕೂರಿಸಿದರೆ ನಾಲ್ಕು ವರ್ಷ ಎರಡು ತಿಂಗಳು. ಅಷ್ಟು ಕಾಲವೂ ಅವರ ಮನೆವಾರ್ತೆ ನಡೆಯಬೇಕು. ತಾಳೆಯ ಗರಿಗಳನ್ನು ತರಿಸಬೇಕು, ಬೇಯಿಸಿ ಒಣಗಿಸಬೇಕು, ಉಜ್ಜಿ ನಯಮಾಡಬೇಕು, ಒಂದೇ ಅಳತೆಗೆ ಕತ್ತರಿಸಬೇಕು. ಮೇಲೆ ಕೆಳಗೆ ಮರದ ಹಲಗೆ, ಪೋಣಿಸಲು ದಾರ, ಸುತ್ತಲು ವಸ್ತ್ರ. ಬರೆದುದನ್ನು ಓದಿ ತಪ್ಪು ತಿದ್ದುವ ಪಂಡಿತರು ಬೇರೆ. ಕೊನೆಗೆ ಸಾವಿರ ಕಟ್ಟುಗಳನ್ನು ಗಾಡಿಗೆ ಹೇರಿ ಊರೂರಿನ ಬಸದಿಗಳಿಗೂ ಮುನಿಗಳಿಗೂ ಶ್ರಾವಕರಿಗೂ ತಲುಪಿಸಬೇಕು. ಒಬ್ಬ ವಿಧವೆಯು ಇದನ್ನೆಲ್ಲ ಹೊಂದಿಸಿ ನಡೆಯಿಸಿದಳೆಂದರೆ ಅದು ಬರಿಯ ಭಕ್ತಿಯಿಂದ ಆಗುವ ಕೆಲಸವಲ್ಲ. ಹಣವನ್ನು ಕೊಡುವ ಕೈ ಒಂದು, ಕೊಟ್ಟ ಹಣವು ಕೆಲಸವಾಗುವಂತೆ ನೋಡಿಕೊಳ್ಳುವ ಕಣ್ಣು ಇನ್ನೊಂದು. ಈಕೆಗೆ ಎರಡೂ ಇದ್ದವು.

ಈ ಕಾವ್ಯವು ಆಕೆಯ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ್ದು ಎಂಬುದನ್ನು ಮರೆಯಲಾಗದು. ಚಿಕ್ಕಪ್ಪನು ರಣದಲ್ಲಿ ಸತ್ತನು, ಗಂಡನು ಹೋದನು, ತಂಗಿಯು ಅಗ್ನಿಗೆ ಸಂದಳು. ತೌರಿನಿಂದ ಉಳಿದು ಬಂದ ಆಸ್ತಿಯೆಂದರೆ ಈ ಪುಸ್ತಕವೇ ಎಂದು ಆಕೆಯು ಬಗೆದಿರಬೇಕು. ಮನೆಯ ಆಸ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಲೋಕರೂಢಿ. ಈಕೆಯು ಅದನ್ನು ಸಾವಿರ ಮನೆಗೆ ಹಂಚಿ ಭದ್ರಪಡಿಸಿದಳು. ಪೊನ್ನನ ಭುವನೈಕರಾಮಾಭ್ಯುದಯವು ಹೆಸರಾಗಿ ಮಾತ್ರ ಉಳಿದಿದೆ. ರನ್ನನು ಬರೆದ ಪರಶುರಾಮಚರಿತವೂ ಹಾಗೆಯೇ. ಆದರೆ ಪೊನ್ನನ ಶಾಂತಿಪುರಾಣವೂ ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನು ಬರೆದ ಅಜಿತಪುರಾಣವೂ ಇಂದಿಗೂ ಇವೆ. ಎಲ್ಲವೂ ಆಕೆಯೊಬ್ಬಳಿಂದಲೇ ಎನ್ನುವುದು ಅತಿಶಯೋಕ್ತಿಯಾದೀತು. ರನ್ನನ ಗದಾಯುದ್ಧವೂ ಉಳಿದುಬಂದಿದೆ. ಹಾಗಿದ್ದರೂ ಈ ಎರಡು ಪುರಾಣಗಳ ಪಾಲಿಗೆ ಆಕೆಯು ತಾಯಿಯೆಂಬುದರಲ್ಲಿ ಸಂದೇಹವಿಲ್ಲ.

ರನ್ನನ ಸಂಗತಿಯೂ ಇಲ್ಲಿ ಸ್ಮರಣೀಯವಾದುದು. ಆತನು 949ರಲ್ಲಿ ಮುದುವೊಳಲಿನ, ಎಂದರೆ ಈಗಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ವಿದ್ಯೆಯ ಹಸಿವಿನಿಂದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯವನ್ನು ಪಡೆದು ಪಂಡಿತನಾದವನು. ಅಂಥವನಿಗೆ ಎರಡನೆಯ ತೀರ್ಥಂಕರರ ಚರಿತ್ರೆಯನ್ನು ಬರೆಯಲು ಪ್ರೋತ್ಸಾಹ ನೀಡಿದವಳು ಅತ್ತಿಮಬ್ಬೆ. ಗ್ರಂಥವು ಮುಗಿದದ್ದು 993ರಲ್ಲಿ. ಅರಸರನ್ನು ಹೊಗಳಿ ಹೊಟ್ಟೆ ಹೊರೆಯುವುದು ಕವಿಗಳಿಗೆ ಹೊಸದಲ್ಲ. ಆದರೆ ಅಜಿತಪುರಾಣದ ಕವಿಯು ಹೊಗಳಿದ್ದು ಪಟ್ಟವಿಲ್ಲದ, ಸೈನ್ಯವಿಲ್ಲದ ಒಬ್ಬ ಶ್ರಾವಿಕೆಯನ್ನು. ಆಕೆಯ ಶೀಲವನ್ನು ಬಿಳಿಯ ಅರಳೆಗೂ ಗಂಗೆಯ ನೀರಿಗೂ ತನ್ನ ಗುರುಗಳ ಗುಣಕ್ಕೂ ಕೊಪಣದ ಪವಿತ್ರಾಚಲಕ್ಕೂ ಸಮನೆಂದು ಆತನು ಎಣಿಸಿದ್ದಾನೆ. ಗಂಗೆಯ ಹೋಲಿಕೆ ಎಲ್ಲ ಕವಿಗಳಲ್ಲಿಯೂ ಉಂಟು. ಅರಳೆಯ ಹೋಲಿಕೆಯು ಮಾತ್ರ ಬಳೆಯ ಮಲಾರವನ್ನು ಹೊತ್ತು ಊರೂರು ಅಲೆದ ಮನೆತನದವನಿಗೆ ಹೊಳೆಯುವಂಥದು. ಆತನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಉಪಕಾರಸ್ಮರಣೆಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ.

ಗೊಮ್ಮಟೇಶ್ವರನ ದರ್ಶನಕ್ಕೆಂದು ಆಕೆಯು ಬೆಟ್ಟವನ್ನೇರಿದಾಗ ಅಕಾಲದ ಮಳೆ ಸುರಿದು ಆಯಾಸವನ್ನು ಕಳೆಯಿತೆಂದೂ, ಆಕೆಯ ಮಹಿಮೆಗೆ ಗೋದಾವರಿಯ ಪ್ರವಾಹವು ನಿಂತಿತೆಂದೂ ಅಂದಿನವರು ಬರೆದಿಟ್ಟಿದ್ದಾರೆ. ಶ್ರದ್ಧೆಯುಳ್ಳವರು ನಂಬಬಹುದು. ಈ ಪವಾಡಗಳನ್ನು ತೆಗೆದಿಟ್ಟರೂ ಆಕೆಯ ಹಿರಿಮೆಯು ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲವೆಂಬುದು ನಿಶ್ಚಯ.

1007ರಲ್ಲಿ, ಸತ್ಯಾಶ್ರಯ ಇರಿವಬೆಡಂಗನು ಆಳುತ್ತಿದ್ದಾಗ, ಲೊಕ್ಕಿಗುಂಡಿಯಲ್ಲಿ ಆಕೆಯು ಕಟ್ಟಿಸಿದ ಬ್ರಹ್ಮಜಿನಾಲಯಕ್ಕೆ ದತ್ತಿಯ ಶಾಸನ ಹುಟ್ಟಿತು. ಗದಗಿನ ಬಳಿಯ ಲಕ್ಕುಂಡಿಯಲ್ಲಿ ಆ ಬಸದಿಯನ್ನು ಇಂದಿಗೂ ನೋಡಬಹುದು. ಅದೇ ಕಾಲದಲ್ಲಿ ಚೋಳರ ಮಹಾಸೈನ್ಯವು ನಾಡಿನೊಳಗೆ ನುಗ್ಗಿತ್ತು. ಒಂಬತ್ತು ಲಕ್ಷ ಬಲದೊಡನೆ ಬಂದು ನಾಡನ್ನು ಸೂರೆಗೊಂಡು, ಹೆಂಗಸರನ್ನೂ ಮಕ್ಕಳನ್ನೂ ಕೊಂದರೆಂದು ಹಾವೇರಿ ಜಿಲ್ಲೆಯ ಹೊಟ್ಟೂರಿನ ಶಾಸನವು ಸಂಕಟದಿಂದ ಹೇಳುತ್ತದೆ. ಆ ಶಾಸನದ ಶಕವರ್ಷವೂ ಬ್ರಹ್ಮಜಿನಾಲಯದ ಶಾಸನದ ಶಕವರ್ಷವೂ ಒಂದೇ, 929. ಊರುಗಳು ಉರಿಯುತ್ತಿದ್ದ ವರ್ಷದಲ್ಲಿ ವೃದ್ಧೆಯೊಬ್ಬಳು ಬಸದಿಯ ನಿತ್ಯಪೂಜೆಗೆ ದತ್ತಿಯನ್ನು ಗೊತ್ತುಮಾಡುತ್ತಿದ್ದಳು. ಕರ್ನಾಟಕ ಸರ್ಕಾರವು ಲೇಖಕಿಯರಿಗಾಗಿ ಸ್ಥಾಪಿಸಿದ ಪ್ರಶಸ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನೇ ಇಟ್ಟಿರುವುದು ಯೋಗ್ಯವಾದುದು.

ಅತ್ತಿಮಬ್ಬೆಯ ಹೆಸರನ್ನು ಕೇಳದ ಶ್ರಾವಕರಿಲ್ಲ. ಆಕೆಯ ತರುವಾಯ ನೂರು ವರ್ಷಕ್ಕೆ ಬಂದ ದೇಮಿಯಕ್ಕನ ಹೆಸರನ್ನು ಕೇಳಿದವರು ಬೆರಳೆಣಿಕೆಯಷ್ಟು. ಈಕೆಯ ದಾನವನ್ನು ತಿಳಿಯಲು ಸಿದ್ಧಾಂತ ಗ್ರಂಥಗಳ ಕಥೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ಕಿವಿಯಿಂದ ಕಿವಿಗೆ ಬರುತ್ತಿದ್ದ ಶ್ರುತಜ್ಞಾನವು ತಮ್ಮೊಡನೆಯೇ ಅಳಿದೀತೆಂದು ಶಂಕಿಸಿ, ದಕ್ಷಿಣದಿಂದ ಬಂದ ಪುಷ್ಪದಂತ, ಭೂತಬಲಿ ಎಂಬ ಮುನಿಗಳಿಗೆ ಅದನ್ನು ಉಪದೇಶಿಸಿದರು. ಪುಷ್ಪದಂತರು ನಮ್ಮ ಬನವಾಸಿಯಲ್ಲಿದ್ದು ಮೊದಲ ಸೂತ್ರಗಳನ್ನು ರಚಿಸಿದರು. ಭೂತಬಲಿಗಳು ದ್ರಮಿಳ ದೇಶದಲ್ಲಿ ಪೂರ್ಣಗೊಳಿಸಿದರು. ಇದೇ ಷಟ್ಖಂಡಾಗಮ. ಗ್ರಂಥವು ಪೂರ್ಣವಾದ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ಇದರ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು 816ರಲ್ಲಿ ಮುಗಿಯಿತು. ಅದರ ಪ್ರಮಾಣ 72,000 ಗ್ರಂಥ. ಕಷಾಯಪ್ರಾಭೃತದ ಮೇಲಿನ ಜಯಧವಲಾ ಟೀಕೆಯು 60,000 ಗ್ರಂಥ; ಅದನ್ನು ಜಿನಸೇನಾಚಾರ್ಯರು 837ರಲ್ಲಿ ಮುಗಿಸಿದರು. ಒಂದು ಗ್ರಂಥವೆಂದರೆ 32 ಅಕ್ಷರಗಳ ಅಳತೆ. ಎರಡೂ ಸೇರಿದರೆ 42 ಲಕ್ಷದ 24 ಸಾವಿರ ಅಕ್ಷರ.

ಇಷ್ಟು ದೊಡ್ಡ ಗ್ರಂಥವನ್ನು ಪ್ರತಿಮಾಡಿಸುವ ಧೈರ್ಯವು ಅರಸರಿಗೂ ಸುಲಭವಾಗಿ ಬಾರದು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ದೇಮಿಯಕ್ಕನು ತನ್ನ ಶ್ರುತಪಂಚಮಿ ನೋಂಪಿಯ ಉದ್ಯಾಪನೆಗಾಗಿ ಧವಲಾ ಗ್ರಂಥವನ್ನು ಕನ್ನಡ ಲಿಪಿಯಲ್ಲಿ ಬರೆಯಿಸಿ ಬನ್ನಿಕೆರೆಯ ಬಸದಿಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಉದ್ಯಾಪನೆಯೆಂದರೆ ಊಟ, ಉಡುಗೊರೆ, ವಾದ್ಯಗಳೆಂದು ತಿಳಿಯುವ ಕಾಲದಲ್ಲಿ ಇದನ್ನು ಕೇಳಿದರೆ ಮನಸ್ಸು ತುಂಬಿ ಬರುತ್ತದೆ. ಇದೇ ಶುಭಚಂದ್ರ ದೇವರ ಶಿಷ್ಯೆಯಾದ ದೇಮತಿಯೆಂಬವಳ ಹೆಸರು ಶ್ರವಣಬೆಳಗೊಳದ ಶಾಸನದಲ್ಲಿ ಬಂದಿದೆ. ರಾಜಮನ್ನಣೆಯನ್ನು ಪಡೆದ ಚಾಮುಂಡನೆಂಬ ವರ್ತಕನ ಮಡದಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಪತ್ನಿ ಲಕ್ಕಲೆಯ ಒಡಹುಟ್ಟಿದವಳು. ಹಸಿದವರಿಗೆ ಅನ್ನ, ಅಂಜಿದವರಿಗೆ ಅಭಯ, ರೋಗಿಗೆ ಔಷಧ, ವಿದ್ಯೆ ಬೇಡಿದವರಿಗೆ ಶಾಸ್ತ್ರವನ್ನು ಕೊಡುತ್ತಿದ್ದು 1120ರಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಳೆಂದು ಆ ಶಾಸನವು ಕೀರ್ತಿಸಿದೆ. ಧವಲಾ ಓಲೆಯ ದೇಮಿಯಕ್ಕನು ಈಕೆಯೇ ಇರಬೇಕೆಂದು ಡಾ. ಹೀರಾಲಾಲ್ ಜೈನರು ಅನುಮಾನಿಸಿದ್ದಾರೆ. ಮರುವರ್ಷ, 1121ರಲ್ಲಿ, ಲಕ್ಕಲೆಯೂ ಸಮಾಧಿಮರಣವನ್ನು ಹೊಂದಿದಳು. ಚಂದ್ರಗಿರಿಯ ಎರಡುಕಟ್ಟೆ ಬಸದಿಯು ಈ ಲಕ್ಕಲೆಯು ಕಟ್ಟಿಸಿದ್ದು.

ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧಕ್ಕೂ ಒಬ್ಬ ತಾಯಿ ಇದ್ದಾಳೆ. ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಯಲ್ಲಿ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳೆಂದು ಓಲೆಯ ಪ್ರಶಸ್ತಿಯೇ ತಿಳಿಸುತ್ತದೆ.

ಈ ಓಲೆಗಳು ಘಟ್ಟವನ್ನು ಇಳಿದು ಮೂಡಬಿದಿರೆಯ ಗುರುಬಸದಿಯನ್ನು ಸೇರಿದವು. ಅವುಗಳ ಕಾರಣದಿಂದಲೇ ಆ ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದಿತು. ಕೆಲವು ಗರಿಗಳ ಮೇಲೆ ಜಿನರ, ಶ್ರುತದೇವಿಯ, ಭಕ್ತರ ಬಣ್ಣದ ಚಿತ್ರಗಳೂ ಇವೆ. ಹೊಯ್ಸಳ ಕಾಲದ ವರ್ಣಚಿತ್ರಗಳು ಬೇರೆಡೆ ದೊರೆಯುವುದು ತೀರ ವಿರಳ. ಭಾರತದಲ್ಲಿ ಬೇರೆಲ್ಲಿಯೂ ಈ ಸಿದ್ಧಾಂತ ಗ್ರಂಥಗಳು ಉಳಿಯಲಿಲ್ಲ. ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಇವನ್ನು ತಲೆಮಾರಿನಿಂದ ತಲೆಮಾರಿಗೆ ಕಣ್ಣಿನ ರೆಪ್ಪೆಯಂತೆ ಕಾದರು. ಆದರೆ ಕಾಲಕ್ರಮದಲ್ಲಿ ಅವು ಓದುವ ಗ್ರಂಥವಾಗಿ ಉಳಿಯದೆ ದರ್ಶನದ ವಸ್ತುವಾದವು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಓದಬಲ್ಲವರೇ ಇಲ್ಲದಾದರು.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರೂ, ಮರುವರ್ಷ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರೂ ಯಾತ್ರೆಗೆ ಬಂದು ಈ ಓಲೆಗಳನ್ನು ಕಂಡರು. ಇಬ್ಬರೂ ವರ್ತಕರು. ದಾಸ್ತಾನು ಇದ್ದಲ್ಲಿಯೇ ಹಾಳಾಗುತ್ತಿರುವುದನ್ನು ಕಂಡಾಗ ವರ್ತಕನಿಗೆ ಆಗುವ ಸಂಕಟವು ಅವರಿಗಾಗಿರಬೇಕು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಆ ಹಳೆಯ ಲಿಪಿಯನ್ನು ಓದಬಲ್ಲವರಾಗಿದ್ದರು. ಅನೇಕ ವರ್ಷಗಳ ಪತ್ರವ್ಯವಹಾರದ ನಂತರ 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಪ್ರತಿ ಮಾಡಲು ಕುಳಿತರು. ಕೆಲವು ಕಾಲದಲ್ಲಿಯೇ ಶಾಸ್ತ್ರಿಗಳು ಸ್ವರ್ಗಸ್ಥರಾದರು. ಉಪಾಧ್ಯಾಯರು ಮುಂದುವರಿಸಿ ಧವಲಾ ಜಯಧವಲಾಗಳ ನಾಗರೀ ಪ್ರತಿಯನ್ನು ಪೂರ್ಣಗೊಳಿಸಿದರು. ಮಹಾಬಂಧದ ಪ್ರತಿಯೂ ಸೇರಿ ಎಲ್ಲ ಮುಗಿಯುವಾಗ 1922. ಆದರೆ ಪ್ರತಿಗಳು ಮೂಡಬಿದಿರೆಯಿಂದ ಹೊರಕ್ಕೆ ಹೋಗಕೂಡದೆಂಬುದು ಅಲ್ಲಿನ ಕಟ್ಟುಪಾಡು. ಒಂದು ಪೆಟ್ಟಿಗೆಯಲ್ಲಿದ್ದುದು ಎರಡು ಪೆಟ್ಟಿಗೆಯಲ್ಲಾಯಿತು, ಅಷ್ಟೆ.

ಇಲ್ಲಿ ಒಬ್ಬ ಮಹಿಳೆಯ ಹೆಸರು ಬರುತ್ತದೆ. ಗಜಪತಿ ಉಪಾಧ್ಯಾಯರ ಪತ್ನಿ ಲಕ್ಷ್ಮೀಬಾಯಿಯವರು ವಿದುಷಿ. ಉಪಾಧ್ಯಾಯರು ಬಸದಿಗಾಗಿ ನಾಗರೀ ಪ್ರತಿಯನ್ನು ಮಾಡುತ್ತಿದ್ದ ಕಾಲದಲ್ಲಿಯೇ ಈ ವಿದುಷಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯು ಕನ್ನಡ ಲಿಪಿಯಲ್ಲಿ ಸಿದ್ಧವಾಯಿತು. ಒಂದೆರಡು ಪುಟದ ಮಾತಲ್ಲ. ಮೇಲೆ ಹೇಳಿದ ಲಕ್ಷಗಟ್ಟಲೆ ಅಕ್ಷರಗಳ ಮಾತು. ವರ್ಷಗಳ ಕಾಲ ಮನೆವಾರ್ತೆಯ ನಡುವೆ, ಯಾರಿಗೂ ತಿಳಿಯದಂತೆ, ಪ್ರಾಕೃತ ಸೂತ್ರಗಳನ್ನೂ ಬಿಗಿಯಾದ ಟೀಕೆಯನ್ನೂ ತಪ್ಪಿಲ್ಲದೆ ಎತ್ತಿ ಬರೆಯುವುದಕ್ಕೆ ಎಂಥ ತಾಳ್ಮೆ ಬೇಕೆಂಬುದನ್ನು ಲೆಕ್ಕದ ಪುಸ್ತಕವನ್ನು ಒಂದು ಸಲ ಪ್ರತಿ ಮಾಡಿದವರೂ ಬಲ್ಲರು.

ಇದು ಸರಿಯೇ ಎಂಬ ಪ್ರಶ್ನೆಯನ್ನು ತಪ್ಪಿಸುವಂತಿಲ್ಲ. ಉಪಾಧ್ಯಾಯರು ಈ ಪ್ರತಿಯನ್ನು ಹೀರಾಚಂದರಿಗೂ ಮಾಣಿಕಚಂದರಿಗೂ ಕೊಡಲು ಮುಂದಾದಾಗ, ಆ ಗ್ರಂಥಕ್ಕಾಗಿ ವರ್ಷಾನುಗಟ್ಟಲೆ ಹಂಬಲಿಸಿದ್ದ ಆ ಇಬ್ಬರೂ ಕೊಳ್ಳಲು ಒಪ್ಪಲಿಲ್ಲ. ಮೂಡಬಿದಿರೆಯವರಿಗೆ ತಿಳಿಯದಂತೆ ತಂದ ವಸ್ತುವನ್ನು ಕೊಳ್ಳುವುದು ನ್ಯಾಯವಲ್ಲವೆಂದರು. ಅಚೌರ್ಯಾಣುವ್ರತವನ್ನು ಅಂಗಡಿಯ ತಕ್ಕಡಿಯಲ್ಲಿ ಹೇಗೋ ಹಾಗೆ ಶಾಸ್ತ್ರದ ವಿಷಯದಲ್ಲಿಯೂ ಪಾಲಿಸಿದ ಆ ವರ್ತಕರಿಗೆ ತಲೆಬಾಗಬೇಕು. ಮೂಡಬಿದಿರೆಯ ಪಂಚರನ್ನೂ ದೂಷಿಸುವಂತಿಲ್ಲ. ಅವರು ಬಿಗಿಯಾಗಿ ಕಾಯದಿದ್ದರೆ ಪ್ರತಿ ಮಾಡಲು ಮೂಲವೇ ಇರುತ್ತಿರಲಿಲ್ಲ. ಹಾಗೆಂದು ಲಕ್ಷ್ಮೀಬಾಯಿಯವರು ಮಾಡಿದ್ದು ಕಳವೆಂದು ಹೇಳಲು ನಾಲಗೆ ಏಳುವುದಿಲ್ಲ. ಜ್ಞಾನವನ್ನು ಮರೆಮಾಡಿದರೆ, ಕಲಿಯುವವರಿಗೆ ಅಡ್ಡಿಯಾದರೆ ಜ್ಞಾನಾವರಣ ಕರ್ಮದ ಆಸ್ರವವಾಗುವುದೆಂದು ತತ್ತ್ವಾರ್ಥಸೂತ್ರವೇ ಸಾರುತ್ತದೆ. ದೇಮಿಯಕ್ಕನು ಧವಲಾವನ್ನು ಬರೆಯಿಸಿದ್ದು ಓದಲೆಂದು, ಒಂದು ಪೆಟ್ಟಿಗೆಯಲ್ಲಿ ಮಲಗಲೆಂದಲ್ಲ. ಕೊಳ್ಳದವರು ವ್ರತವನ್ನು ಉಳಿಸಿದರು, ಬರೆದವರು ಶ್ರುತವನ್ನು ಉಳಿಸಿದರು ಎಂದರೆ ತರ್ಕಕ್ಕೆ ಒಗ್ಗದಿರಬಹುದು. ಆದರೆ ನಡೆದದ್ದು ಹಾಗೆಯೇ.

ಕೊಳ್ಳಲೊಪ್ಪದ ಮಾಣಿಕಚಂದರ ಮನೆಯಲ್ಲಿಯೂ ಒಂದು ಶಾಸ್ತ್ರದಾನ ನಡೆದಿತ್ತು. ಅವರ ಮಗಳು ಮಗನಬಾಯಿಯವರು ಎಳೆಯ ಹರೆಯದಲ್ಲಿಯೇ ವಿಧವೆಯಾದಾಗ ತಂದೆಯು ಮಗಳನ್ನು ಮೂಲೆಯಲ್ಲಿ ಕೂರಿಸದೆ ವಿದ್ಯೆ ಕಲಿಸಿದರು. ಆ ಮಗಳು ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ನಡೆಸಿ, ತನ್ನಂತೆಯೇ ನೊಂದ ಹೆಣ್ಣುಮಕ್ಕಳಿಗೆ ಅಕ್ಷರವನ್ನೂ ಧರ್ಮಶಾಸ್ತ್ರವನ್ನೂ ಕಲಿಸಿ ಶಿಕ್ಷಕಿಯರನ್ನಾಗಿ ಮಾಡಿದರು. 1930ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ವ್ರತವಾಗಿತ್ತು. ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆಯು ಹಿಡಿದ ಹಾದಿಯನ್ನೇ ಇವರೂ ಹಿಡಿದರು.

ಲಕ್ಷ್ಮೀಬಾಯಿಯವರ ನೆರವಿನಿಂದ ಸಿದ್ಧವಾದ ಕನ್ನಡ ಪ್ರತಿಯು ಉತ್ತರದ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿನ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇರಿಸಿದರು. ಕನ್ನಡ ಲಿಪಿಯನ್ನು ಓದಬಲ್ಲವರು ಅಲ್ಲಿ ಯಾರೂ ಇಲ್ಲ. ವಿಜಯಚಂದ್ರಯ್ಯನವರು ಓದಿ ಹೇಳಲು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದುಕೊಂಡರು. ಆ ಶಾಸ್ತ್ರಿಗಳು ಮಾಲಿಕರಿಗೆ ಒಂದು ಪ್ರತಿಯನ್ನು ಕೊಟ್ಟು ತಮಗೊಂದನ್ನು ಗುಟ್ಟಾಗಿ ಇಟ್ಟುಕೊಂಡರು! ಗುಟ್ಟಿನ ಪ್ರತಿಗೆ ಮತ್ತೊಂದು ಗುಟ್ಟಿನ ಪ್ರತಿ ಹುಟ್ಟಿದ ಮೇಲೆ ಅದನ್ನು ತಡೆಯುವವರಾರು? ಆರಾ, ಕಾರಂಜಾ, ಸಾಗರ ಮುಂತಾದ ಊರುಗಳ ಭಂಡಾರಗಳಿಗೆ ಅದು ಹರಡಿತು.

ಆ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾ ಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟವನ್ನು ಮುದ್ರಿಸಿ ಹೊರತಂದರು. ವಿದಿಶಾದ ವರ್ತಕರಾದ ಸೇಠ್ ಶಿತಾಬರಾಯ್ ಲಕ್ಷ್ಮೀಚಂದ್ರರು ಅದಕ್ಕೆ ಧನವನ್ನು ಒದಗಿಸಿದ್ದರು. ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರು ಸಂಪಾದನೆಯಲ್ಲಿ ನೆರವಾದರು. ಗ್ರಂಥವು ಹದಿನಾರು ಸಂಪುಟಗಳಲ್ಲಿ ಪೂರ್ಣವಾಯಿತು. ಮೊದಲ ಸಂಪುಟಗಳು ಅಚ್ಚಾಗಿ ಬಂದುದನ್ನು ಕಂಡು ಮೂಡಬಿದಿರೆಯವರ ಮನಸ್ಸೂ ಕರಗಿತು. ಅಚ್ಚಿನ ಪಾಠವನ್ನು ಮೂಲ ಓಲೆಗಳೊಡನೆ ತಾಳೆ ನೋಡಲು ಭಟ್ಟಾರಕರೂ ಪಂಚರೂ ಸಂತೋಷದಿಂದ ಅನುಮತಿಯನ್ನಿತ್ತರು. ಮೂಡಬಿದಿರೆಯ ಪಂಡಿತರು ಪೆಟ್ಟಿಗೆಯನ್ನು ತೆರೆದು ಗರಿಗಳನ್ನು ಹರಡಿ, ಅಕ್ಷರ ಅಕ್ಷರವಾಗಿ ಓದಿ, ಬಿಟ್ಟುಹೋದ ಪದಗಳನ್ನೂ ತಪ್ಪಿದ ಪಾಠಗಳನ್ನೂ ಬರೆದು ಕಳುಹಿಸಿದರು. ದೇಮಿಯಕ್ಕನು ಬರೆಯಿಸಿದ ಓಲೆಯೂ, ಲಕ್ಷ್ಮೀಬಾಯಿಯವರ ಪ್ರತಿಯಿಂದ ಹುಟ್ಟಿ ಮುದ್ರಣಕ್ಕೆ ಬಂದ ಪುಟವೂ ಒಂದೇ ಮಣೆಯ ಮೇಲೆ ಹೀಗೆ ಎದುರುಬದುರಾದವು.